ನೀರು ಕೇಳದ ಗಾಡಿ

ನಾಗನಾಥ ಗಾಡಿಯ ಮುಂದಿನ ಬಾನೆಟ್ ಎತ್ತಿ, ಮುಚ್ಚಳ ತಿರುವಿ, ಇನ್ನೇನು ಕೊಡ ಬಗ್ಗಿಸುವುದರಲ್ಲಿದ್ದ. ಗಂಡನ ಹೆಣದ ಪಕ್ಕದಿಂದ ಎದ್ದು ಬಂದ ಸೂಗಮ್ಮ ಮೈದುನನ ಕೈ ಹಿಡಿದಳು.

“ನೀರ್ ಹಾಕಬ್ಯಾಡಪ್ಪ. ಅದು ಪೆಟ್ರೋಲ್ ಟಾಕಿ. ಇಂಜಿನ್ ಹಿಂದ ಅದ.”

“ಬಿಸಿಲ ಹ್ಯಾಂಗದ ನೋಡ್ರಿ ವೈನಿ. ನೀರಿಲ್ದ ಮೋರಖಂಡಿ ಮುಟ್ತದೇನು?”

“ಇದರ ಇಂಜಿನ್ ತಂಪಾಗಾಕ ಗಾಳಿ ಸಾಕು. ಮುಟ್ತದ.”

ಹುಮನಾಬಾದಿನ ಬಟ್ಟೆ ವ್ಯಾಪಾರಿಯಾಗಿದ್ದ ಗಂಡ ಬಸವಣಪ್ಪನನ್ನು ಅವನ ಹುಟ್ಟೂರು ಮೋರಖಂಡಿಯ ಹೊಲದಲ್ಲಿ ಮಣ್ಣು ಮಾಡಬೇಕಿತ್ತು. ಅವನ ತಮ್ಮ ಮಾಡಹೊರಟ ತಪ್ಪಿಗೆ ಸೂಗಮ್ಮನಿಗೆ ಸಿಟ್ಟು ಬರಲಿಲ್ಲ. ಅಣ್ಣನೇನು ಕಡಿಮೆಯವನೇ?

*

1964ರಲ್ಲಿ ಹೈದರಾಬಾದಿನಿಂದ ಹಳೆಯ ಫೋಕ್ಸ್‌ವ್ಯಾಗನ್ ತಂದ ಮರುದಿನವೇ ಬಸವಣಪ್ಪ ಅದೇ ಟಾಕಿಗೆ ಕೊಡ ನೀರು ಸುರಿದಿದ್ದ. ದಾರಿಯಲ್ಲಿ ನಿಂತುಹೋದ ಗಾಡಿಯನ್ನು ಎತ್ತು ಕಟ್ಟಿ ಎಳೆದು ತರುವಾಗ ಬಜಾರಿಗೆ ಬಜಾರೇ ನಕ್ಕಿತು.

“ಸಾವ್ಕಾರ್ರ, ನೀರಾತು, ಇನ್ನ ಮೇವಿಗಿ ಕಣಕಿ ಹಾಕ್ರಿ.”

ಅವನೂ ನಕ್ಕ. ಟಾಕಿ ಬಿಚ್ಚಿ ಒಣಗಿಸಿದ. ಎಣ್ಣೆ ದಿನಾ ನೋಡಬೇಕು, ಫ್ಯಾನಿನ ಬೆಲ್ಟ್ ಹರಿದರೆ ಅಲ್ಲೇ ನಿಲ್ಲಿಸಬೇಕು ಎಂದು ಕೇಳಿ ಕಲಿತ. ಕಲಿತದ್ದನ್ನು ಹೆಂಡತಿಗೂ ಕಲಿಸಿದ. ಬಸವಕಲ್ಯಾಣದ ದಾರಿಯಲ್ಲಿ ಅವಳು ಸೆರಗು ಸಿಕ್ಕಿಸಿ ಓಡಿಸುವಾಗ ಪುಣ್ಯಾತ್ಮ ಎದುರು ಬಂದವರನ್ನೆಲ್ಲ ಕರೆಯುತ್ತಿದ್ದ.

“ನಮ್ ಸೂಗಮ್ಮ ಓಡಸಾಕತ್ತಾಳ, ನೋಡ್ರಿ.”

*

“ಪೀರ್ ಪಾಷಾ ಓಡಸ್ತಾನ,” ಎಂದ ನಾಗನಾಥ. “ಹೆಣ್ಮಗಳು ಗಂಡನ್ ಹೆಣ ಒಯ್ದ್ರ ಊರಾಗ ಮಂದಿ ಏನಂದಾರು?”

“ಇದ್ದಾಗ ಕೂಡಿಸ್ಕೊಂಡು ಹೋಗೀನಿ. ಇವತ್ತೂ ನಾನ ಒಯ್ತೀನಿ. ಅನ್ನೋರು ಅನ್ಲಿ.”

ಬಾಡಿಗೆ ಜೀಪಿನ ಪೀರ್ ಪಾಷಾ ಕೀಲಿಯನ್ನು ಅವಳ ಕೈಗಿಟ್ಟ. “ಇದರ ಮರ್ಜಿ ನಿಮಗ ಗೊತ್ತದ, ಅಮ್ಮಾರ.”

ಲಿಂಗವಂತರಲ್ಲಿ ಸತ್ತವರನ್ನು ಕೂಡಿಸಿಯೇ ಒಯ್ಯುವುದು. ವಿಭೂತಿ ಬಳಿದ ಬಸವಣಪ್ಪನನ್ನು ಮುಂದಿನ ಸೀಟಿಗೆ ಕೂಡಿಸಿ ಎದೆಗೆ ಧೋತರ ಸುತ್ತಿ ಸೀಟಿಗೆ ಬಿಗಿದರು. ಹಿಂದೆ ಕುಳಿತ ನಾಗನಾಥ ಅಣ್ಣನ ಹೆಗಲು ಹಿಡಿದುಕೊಂಡ. ಸೂಗಮ್ಮನ ಕಣ್ಣು ತುಂಬಿದ್ದವು, ಗಾಡಿ ಮಾತ್ರ ಅಳುಕಲಿಲ್ಲ. ಏರಿನಲ್ಲಿ ಒಂದು ಲಾರಿ ಹೊಗೆಯಾಡುತ್ತ ನೀರಿಗಾಗಿ ನಿಂತಿತ್ತು. ಅವಳು ಪಕ್ಕದಿಂದ ಹಾದು ಹೋದಳು. ಅವಳಿಗೆ ಹೆಮ್ಮೆಯೆನಿಸಿತು.

ಮೋರಖಂಡಿಯ ಅಗಸಿ ಬಾಗಿಲಲ್ಲಿ ಮಂದಿ ನೆರೆದಿತ್ತು. ಭಜನೆಯವರು ಹಾಡು ನಿಲ್ಲಿಸಿ ಗಾಡಿಯೊಳಗೆ ಬಗ್ಗಿ ನೋಡಿದರು.

“ಯಾರು ಓಡಿಸ್ಕೊಂಡು ಬಂದ್ರು?” ಎಂದ ಹಿರಿಯ ಸಂಗಪ್ಪ.

ನಾಗನಾಥ ಮುಂದಕ್ಕೆ ಬಗ್ಗಿ ಅಣ್ಣನ ಪಕ್ಕದ ಕಿಡಕಿಯಿಂದ ತಲೆ ಹೊರಗೆ ಹಾಕಿದ. “ನಮ್ ವೈನಿ. ದಾರಿ ಬಿಡ್ರಿ.”

ಮಂದಿ ಎರಡು ಕಡೆ ಸರಿಯಿತು. ಹೊಲದ ದಾರಿಯ ತಗ್ಗಿನಲ್ಲಿ ಗಾಡಿ ಎದ್ದು ಬಿತ್ತು. ಬಸವಣಪ್ಪನ ಬಲಗೈ ತೊಡೆಯಿಂದ ಜಾರಿ, ಗೇರಿನ ಮೇಲಿದ್ದ ಅವಳ ಕೈಯ ಮೇಲೆ ಕುಳಿತಿತು. ತೆಗೆಯಲು ನಾಗನಾಥ ಹಿಂದಿನಿಂದ ಕೈ ಚಾಚಿದ.

“ಇರ್ಲಿ ಬಿಡಪ್ಪ,” ಎಂದಳು ಸೂಗಮ್ಮ.

ಆ ಕೈಯ ಕೆಳಗೇ ಗೇರು ಬದಲಿಸಿ ಹೊಲ ಹೊಕ್ಕಳು.