ಒಂದೇ ಪೆಟ್ಟಿಗೆಯಲ್ಲಿ ಎರಡು ಸಂಸಾರ

ಹೊಸ ಕಂಪ್ಯೂಟರ್ ತಂದರೆ ಅಂಗಡಿಯ ಎರಡು ತಿಂಗಳ ದುಡಿಮೆ ಹೋಗುತ್ತದೆ. ಇರುವುದಕ್ಕೇ ಒಂದು ದೊಡ್ಡ ಡಿಸ್ಕ್ ಹಾಕಿಸಿದರೆ ನಾಲ್ಕು ದಿನದ ಗಳಿಕೆ ಸಾಕು. ಕೂಲಿ ಸೊನ್ನೆ, ಯಾಕೆಂದರೆ ಕೂರಿಸಿಕೊಡುವವನು ಮನೆಯ ಅಳಿಯ. ಅಳಿಯನ ಭಾನುವಾರಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ.

ವಾರವಿಡೀ ಊರವರ ಕೆಟ್ಟ ಕಂಪ್ಯೂಟರುಗಳ ಹೊಟ್ಟೆ ಬಗೆದು ಹಣ್ಣಾಗಿದ್ದ ಭಾವ, ಆ ಭಾನುವಾರವೂ ಸ್ಕ್ರೂಡ್ರೈವರ್ ಹಿಡಿದು ಹೆಂಡತಿಯ ತಮ್ಮಂದಿರ ಬೋರ್ಡ್ ಅಂಗಡಿಗೆ ಬಂದ. ಹೊರಡುವಾಗ ಹೆಂಡತಿ ಹೇಳಿದ್ದು ಒಂದೇ ಮಾತು: "ಏನಾದ್ರೂ ಮಾಡಿ, ಅಂಗಡಿ ಮಾತ್ರ ಎರಡಾಗಬಾರದು."

ತಮ್ಮಂದಿರಿಬ್ಬರ ಜಗಳವಿದ್ದದ್ದು ಅವರಪ್ಪನ ಅಕ್ಷರದ ಮೇಲೆ. ಅಪ್ಪ ಕುಂಚ ಹಿಡಿದು ಬೋರ್ಡ್ ಬರೆಯುತ್ತಿದ್ದವರು. ಅವರ ದುಂಡು ಅಕ್ಷರವೇ ಬೇಕೆಂದು ಗಿರಾಕಿಗಳು ಹುಡುಕಿಕೊಂಡು ಬರುತ್ತಿದ್ದರು. ಅವರು ತೀರಿಕೊಂಡ ಮೇಲೆ ಗಂಡುಮಕ್ಕಳಿಬ್ಬರೂ ಕೂತು ಒಂದೊಂದೇ ಅಕ್ಷರವನ್ನು ಕಂಪ್ಯೂಟರಿಗೆ ಇಳಿಸಿದ್ದರು. ಮೂಲದ ಹಾಳೆಗಳು ಗೆದ್ದಲಿನ ಪಾಲಾದವು, ಅವರು ಬರೆದ ಬೋರ್ಡುಗಳು ಬಿಸಿಲಿಗೆ ಬಿಳಿಚಿಹೋದವು. ಈಗ ಸಣ್ಣವನು ಆ ಅಕ್ಷರ ಹೊತ್ತುಕೊಂಡು ಹೋಗಿ ಬೇರೆ ಅಂಗಡಿ ಹಾಕುತ್ತಾನೆಂದು ದೊಡ್ಡವನಿಗೆ ಗುಮಾನಿ. ದೊಡ್ಡವನ ಮೇಲೆ ಸಣ್ಣವನಿಗೂ ಅದೇ.

ಒಂದೇ ಸಿಸ್ಟಂನಲ್ಲಿ ಕೆಲಸ ಸಾಗುವಂತೆಯೂ ಇರಲಿಲ್ಲ. ದೊಡ್ಡವನು ನಡೆಸುವ ಸ್ಟಿಕರ್ ಕತ್ತರಿಸುವ ಯಂತ್ರ ಹಳೇ ಆಪರೇಟಿಂಗ್ ಸಿಸ್ಟಂ ಬಿಟ್ಟು ಬೇರೆ ಯಾರ ಮಾತನ್ನೂ ಕೇಳದು. ಗಿರಾಕಿಗಳು ಕಳಿಸುವ ಚಿತ್ರಗಳು ಹೊಸದರಲ್ಲಿ ಮಾತ್ರ ತೆರೆಯುತ್ತವೆ, ಅದು ಸಣ್ಣವನ ಕೆಲಸ.

"ನನ್ನ ಕಡೆಗೆ ಬೀಗ ಭದ್ರ ಇರಲಿ ಭಾವ," ಎಂದ ದೊಡ್ಡವನು.

"ಅವನ ಕಡೆ ಕದಿಯೋಕೆ ಏನಿದೆ ಕೇಳಿ ಭಾವ, ಧೂಳು ಬಿಟ್ಟರೆ."

"ನಾನೇನು ಟಪಾಲಿನವನೇನ್ರಪ್ಪಾ? ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದೀರಿ. ನೀವೇ ಮಾತಾಡ್ಕೊಳ್ಳಿ."

ಇಬ್ಬರೂ ಗೋಡೆ ನೋಡಿದರು.

ಭಾವ ಹೊಸ ಡಿಸ್ಕನ್ನು ಮೂರು ಭಾಗ ಮಾಡಿದ. ಹಳೇ ಸಿಸ್ಟಂ ಮೊದಲು, ಹೊಸದು ಆಮೇಲೆ. ಹೊಸದು ಹಳೆಯದನ್ನು ಗುರುತಿಸಿ ಜಾಗ ಬಿಡುತ್ತದೆ. ಹಿಂದುಮುಂದಾದರೆ ಹಳೆಯದು ಹೊಸದರ ಮುಖವನ್ನೇ ಮರೆಸಿಬಿಡುತ್ತದೆ. ಕಂಪ್ಯೂಟರ್ ಆನ್ ಮಾಡಿದಾಗ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಇಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್. ಮೂರನೆಯ ಭಾಗ ಇಬ್ಬರದೂ, ಅಲ್ಲಿ ಅಪ್ಪನ ಅಕ್ಷರ.

"ಅಕ್ಷರದ್ದೊಂದು ಕಾಪಿ ಪೆನ್ ಡ್ರೈವಿಗೆ ಹಾಕಿಡ್ತೀನಿ," ಎಂದ.

"ಬೇಡ!" ಅಷ್ಟು ಹೊತ್ತಿನಲ್ಲಿ ಇಬ್ಬರೂ ಒಪ್ಪಿದ್ದು ಅದೊಂದನ್ನೇ. "ಅದು ಯಾರ ಜೇಬು ಸೇರುತ್ತೋ?"

"ನಿಮ್ಮಕ್ಕನ ಹತ್ತಿರ ಇರಲಿ."

"ಅಕ್ಕ ಯಾವತ್ತಿದ್ರೂ ಅವನ ಪರ," ಎಂದ ದೊಡ್ಡವನು.

"ನನ್ನ ಪರಾನಾ?" ಸಣ್ಣವನು ಗೋಡೆಗೇ ಹೇಳಿ ನಕ್ಕ.

ಹಳೇ ಡಿಸ್ಕನ್ನೂ ಇಬ್ಬರೂ ಎದುರಿಗೆ ನಿಂತು ಅಳಿಸಿಹಾಕಿಸಿದರು. ವಾದಿಸಲು ಭಾವನಿಗೆ ತ್ರಾಣವಿರಲಿಲ್ಲ. "ಒಂದು ಮಾತು ಕೇಳಿ," ಎಂದ ಏಳುತ್ತಾ. "ಕುರ್ಚಿ ಬಿಡುವಾಗ ಪೂರ್ತಿ ಆಫ್ ಮಾಡಿ. ಹೈಬರ್ನೇಟ್ ಒತ್ತಿ ನಿದ್ದೆಗೆ ಹಾಕಿ ಹೋಗಬೇಡಿ. ಮಲಗಿದವನಿಗೆ ಮನೆ ಮಲಗುವಾಗ ಹೇಗಿತ್ತೋ ಅದೇ ನೆನಪು. ನಡುವೆ ಇನ್ನೊಬ್ಬ ಮೂರನೇ ಭಾಗದಲ್ಲಿ ಸಾಮಾನು ಸರಿಸಿದ್ರೆ, ಎದ್ದವನು ಹಳೇ ನೆನಪಲ್ಲೇ ಕೈಯಾಡಿಸಿ ಎಲ್ಲಾ ಕಲಸಿಹಾಕ್ತಾನೆ."

ಇಬ್ಬರೂ ತಲೆಯಾಡಿಸಿದರು. ಕೇಳಿಸಿಕೊಂಡರೋ, ಬೇಗ ಹೋಗಲಿ ಎಂದು ಆಡಿಸಿದರೋ, ದೇವರೇ ಬಲ್ಲ.

ತಿಂಗಳು ತುಂಬುವಷ್ಟರಲ್ಲಿ ಫೋನ್ ಬಂತು. ಮೂರನೆಯ ಭಾಗ ತೆರೆದರೆ ಖಾಲಿ ಕಾಣುತ್ತಿದೆಯಂತೆ.

ಭಾವ ಕೆಲಸ ಮುಗಿಸಿದ ಮೇಲಿನ ಸಂಜೆಗಳನ್ನೆಲ್ಲ ಅಲ್ಲಿ ಸುರಿದ. ಕಳೆದ ಫೈಲು ಹುಡುಕುವ ಸಾಫ್ಟ್‌ವೇರ್ ಹೆಸರುಗಳನ್ನೇನೋ ಎತ್ತಿ ತಂದಿತು. ತೆರೆದರೆ ಒಳಗೆ ಏನೂ ಇಲ್ಲ, ಹುರುಳಿಲ್ಲದ ಸಿಪ್ಪೆ. ಕೊನೆಗೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. "ಇನ್ನು ಆಗಲ್ಲಪ್ಪಾ."

ಈಗ ಹೊಡೆದಾಟವೇ ಆಗುತ್ತದೆ, ಹೆಂಡತಿಗೆ ಏನು ಹೇಳಲಿ ಎಂದು ಯೋಚಿಸುತ್ತಾ ಮೇಜಿನ ಮೇಲಿದ್ದ ಸ್ಕ್ರೂಡ್ರೈವರನ್ನು ತನ್ನ ಕಡೆಗೆ ಎಳೆದುಕೊಂಡ.

ಸಣ್ಣವನು ನೇರ ಅಣ್ಣನ ಮುಖಕ್ಕೇ ಕೇಳಿದ. "ನಿದ್ದೆಗೆ ಹಾಕಿ ಹೋಗ್ತಿದ್ಯಾ?"

"ಹೂಂ. ಊಟಕ್ಕೆ ಅಂತ ನಿನಗೆ ಕುರ್ಚಿ ಬಿಡುವಾಗೆಲ್ಲ. ಆಫ್ ಮಾಡಿದ್ರೆ ನೀನು ನನ್ನ ಕಡೆ ನುಗ್ತೀಯ ಅಂತ."

"ಪಾಸ್‌ವರ್ಡ್ ಇತ್ತಲ್ಲಣ್ಣಾ."

"ಇತ್ತು." ದೊಡ್ಡವನು ಯಂತ್ರದ ಮೇಲಿನ ಸ್ಟಿಕರ್ ಚೂರುಗಳನ್ನು ಕೈಯಿಂದ ಗುಡಿಸಿದ. "ಬೇರೆ ಅಂಗಡಿ ಹಾಕ್ತೀಯಾ?"

"ಏನಿಟ್ಕೊಂಡು ಹಾಕಲಿ?"

"ನಾನೂ ಅಷ್ಟೇ."

ಇಬ್ಬರಲ್ಲೂ ಸಿಟ್ಟಿರಲಿಲ್ಲ, ಸಾಕಾಗಿಹೋಗಿತ್ತು, ಅಷ್ಟೆ. ಸಣ್ಣವನು ಕುರ್ಚಿ ಎಳೆದು, ಮಾರನೆಯ ದಿನ ಕೊಡಬೇಕಿದ್ದ ಔಷಧಿ ಅಂಗಡಿಯ ಬೋರ್ಡಿಗೆ ಯಾವ ಅಕ್ಷರ ಹಾಕೋಣ ಎಂದು ಕೇಳಿದ. "ಯಾವುದಾದ್ರೂ ಹಾಕು," ಎಂದ ದೊಡ್ಡವನು. ಭಾವ ಚೀಲ ಕಟ್ಟಿಕೊಂಡು ಎದ್ದ.

ಅಂಗಡಿ ಒಂದೇ ಉಳಿಯಿತು. ಅಪ್ಪನ ಅಕ್ಷರ ಹೋಯಿತು. ಅದಕ್ಕೆಂದೇ ಬರುತ್ತಿದ್ದ ಗಿರಾಕಿಗಳಲ್ಲಿ ಅರ್ಧ ಜನ ಬರುವುದನ್ನು ನಿಲ್ಲಿಸಿದರು.