ಒಡ್ಡಿನ ಕೆಳಗಿನ ಮಡು

ಆ ಕಚೇರಿಯಲ್ಲಿ ಲೆಕ್ಕದಕ್ಕ ಒಂದು ಮಾತು ಹೇಳಿದಳೆಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ. ನದಿಯಲ್ಲಿ ಮೀನು ಎಷ್ಟಿದೆ, ಮುಂದೆ ಎಷ್ಟಿರುತ್ತದೆ, ಯಾವ ದಡದಲ್ಲಿ ಗಿಡ ನೆಟ್ಟರೆ ಮರಿ ಉಳಿಯುತ್ತದೆ, ಎಲ್ಲಿ ಜಲ್ಲಿ ಹಾಸಿದರೆ ಮೊಟ್ಟೆ ನಿಲ್ಲುತ್ತದೆ, ಎಲ್ಲವನ್ನೂ ಅವಳನ್ನೇ ಕೇಳಬೇಕು. ಅವಳ ಕಂಪ್ಯೂಟರಿನೊಳಗೆ ಇನ್ನೊಂದು ನದಿ ಹರಿಯುತ್ತಿತ್ತು. ಬಲೆ ಹಾಕಿ ಮೀನು ಎಣಿಸಿ ತರುವವನಿಗೆ ಅದು ‘ಅಕ್ಕನ ಸುಳ್ಳು ನದಿ’. ಅವಳಿಗೆ ಅದು ‘ಮಾದರಿ’. ಆ ನದಿಯಲ್ಲೂ ಮೊಟ್ಟೆ ಒಡೆಯುತ್ತಿದ್ದವು, ಮರಿಗಳಲ್ಲಿ ಬಹುಪಾಲು ಸಾಯುತ್ತಿದ್ದವು, ಉಳಿದವು ದೊಡ್ಡವಾಗಿ ತಾವೂ ಮೊಟ್ಟೆಯಿಡುತ್ತಿದ್ದವು. ಒಂದು ಲೋಟ ಕಾಫಿ ಆರುವಷ್ಟರಲ್ಲಿ ಅಲ್ಲಿ ಒಂದು ತಲೆಮಾರೇ ಕಳೆದುಹೋಗುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಅವಳಿಗೆ ಆ ಮಾದರಿಯ ಮೇಲೆ ಅಂಥದೇ ಮಮತೆ. ಯಾರಾದರೂ ಅದನ್ನು ಅನುಮಾನಿಸಿದರೆ ಮುಖ ಕೆಂಪಾಗುತ್ತಿತ್ತು.

ಆ ವರ್ಷ ನದಿಗೆ ಒಂದೇ ಕೆಲಸ ಮಾಡುವಷ್ಟು ಹಣ ಬಂದಿತ್ತು. ಊರ ಮೇಲಿನ ಹಳೇ ಒಡ್ಡನ್ನು ಒಡೆಯಬೇಕು, ಇಲ್ಲವೇ ಅದನ್ನು ಹಾಗೇ ಬಿಟ್ಟು ಕೆಳಗಿನ ದಡಗಳನ್ನು ಸರಿಪಡಿಸಬೇಕು. ಎಂದೋ ಮುಚ್ಚಿಹೋದ ಗಿರಣಿಗೆ ನೀರು ತಿರುಗಿಸಲು ಕಟ್ಟಿದ ಒಡ್ಡು ಅದು. ಗಿರಣಿ ಹೋಯಿತು, ಅದರ ಚಕ್ರ ಹೋಯಿತು, ಒಡ್ಡು ಮಾತ್ರ ಅಡ್ಡ ಮಲಗಿದ ಎಮ್ಮೆಯ ಹಾಗೆ ಉಳಿಯಿತು. ಅದರ ಬುಡದಲ್ಲಿ ಒಂದು ಮಡು, ಹಸಿರುಗಟ್ಟಿದ ಆಳದ ನೀರು. ಮೂರು ವರ್ಷದಿಂದ ಆ ಮಡುವಿನಲ್ಲಿ ಹಾಕಿದ ಬಲೆ ಬರಿದಾಗಿ ಮೇಲೆ ಬಂದದ್ದೇ ಇಲ್ಲ. ನದಿಯ ಬೇರೆಲ್ಲ ಕಡೆ ಮೀನು ಕಡಿಮೆಯಾಗುತ್ತಿದ್ದರೆ ಅಲ್ಲಿ ಮಾತ್ರ ಸೊಂಪು. ಬಲೆಯ ಕಣ್ಣು ದೊಡ್ಡದು, ಮರಿಗಳು ನುಸುಳಿಹೋಗುತ್ತವೆ. ಆದ್ದರಿಂದ ಇಷ್ಟು ತಾಯಿ ಮೀನಿದ್ದರೆ ಇಷ್ಟು ಮರಿ ಇದ್ದೇ ಇರಬೇಕು ಎಂದು ಮಾದರಿ ತಾನೇ ತುಂಬಿಕೊಳ್ಳುವಂತೆ ಅವಳು ಬರೆದಿದ್ದಳು. ಅದು ಹಾಗೇ ತುಂಬಿಕೊಂಡು, ಮಡುವೇ ಈ ನದಿಯ ಜೀವ, ಒಡ್ಡನ್ನು ಮುಟ್ಟಬೇಡಿ ಎಂದಿತು.

ಮೇಲಧಿಕಾರಿಗೆ ಇದಕ್ಕಿಂತ ಸಿಹಿ ಸುದ್ದಿ ಬೇಕಿರಲಿಲ್ಲ. ಒಡ್ಡು ಒಡೆಯುವುದೆಂದರೆ ಯಂತ್ರ, ಧೂಳು, ದೂರು, ತಲೆನೋವು. ‘ಮಡುವೇ ಮೀನಿನ ತವರು’ ಎಂದು ವರದಿಗೆ ತಾನೇ ತಲೆಬರಹ ಕೊಟ್ಟು, ಎರಡು ದಿನ ಅದನ್ನೇ ಎಲ್ಲರಿಗೂ ಓದಿ ಹೇಳಿದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಆಸಾಮಿ.

ಲೆಕ್ಕದಕ್ಕನಿಗೂ ಒಳಗೊಳಗೇ ಸಮಾಧಾನವಾಗಿತ್ತು. ಅದರ ಕಾರಣವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವಳ ತಮ್ಮ ಹೋದದ್ದು ಆ ಮಡುವಿನಲ್ಲೇ.

ಆಗ ಅವನಿಗೆ ಮೀಸೆ ಚಿಗುರುವ ವಯಸ್ಸು. ಎಳ್ಳು ಉದುರಿಸಿದ ಬ್ರೆಡ್ಡು ಎಂದರೆ ಪ್ರಾಣ ಬಿಡುತ್ತಿದ್ದ. ಅಂದು ಒಲೆಯಿಂದ ಬ್ರೆಡ್ಡು ಆಗತಾನೇ ಹೊರಗೆ ಬಂದಿತ್ತು, ಅಮ್ಮ ಕೂಗಿ ಕರೆದಿದ್ದಳು. "ಬಂದು ತಿಂತೀನಿ" ಎಂದು ಗೇಟಿನಿಂದಲೇ ಕೂಗಿ ಓಡಿದವನು ತಿರುಗಿ ಬರಲಿಲ್ಲ. ಒಡ್ಡಿನ ಗೋಡೆಯಿಂದ ಹಾರುವುದು ಊರ ಹುಡುಗರಿಗೆಲ್ಲ ಆಟ. ಅಂದು ನದಿ ತುಂಬಿತ್ತು ಅಷ್ಟೆ. ಹೆಣ ಸಿಗಲಿಲ್ಲ. ನೀರು ಕೆಳಕ್ಕೆ ಎಳೆದುಕೊಂಡು ಹೋಗಿರುತ್ತದೆ ಎಂದು ಊರೆಲ್ಲ ಹೇಳಿತು. ಅಮ್ಮ ಒಪ್ಪಲಿಲ್ಲ. ಮಗ ಮಡುವಿನ ತಳದಲ್ಲೇ ಇದ್ದಾನೆ ಎಂದಳು, ಅಂದಿನಿಂದ ದಿನಾ ಸಂಜೆ ಹೋಗಿ ಅಲ್ಲಿ ಕೂತು ಬರುತ್ತಾಳೆ. ಲೆಕ್ಕದಕ್ಕ ಮಾತ್ರ ಮತ್ತೆ ಒಂದು ಸಲವೂ ಆ ಕಡೆ ತಲೆಹಾಕಲಿಲ್ಲ. ನದಿಯ ಉದ್ದಕ್ಕೂ ಸೊಂಟದುದ್ದ ನೀರಿಗಿಳಿದವಳು, ಮಡುವಿನ ಸರದಿ ಬಂದಾಗ ಏನಾದರೂ ನೆಪ ಹೇಳಿ ಬಲೆಯವನನ್ನೇ ಕಳಿಸುತ್ತಿದ್ದಳು. ಅವನು ಎಣಿಸಿ ತಂದದ್ದನ್ನು ಮಾದರಿಗೆ ತುಂಬುತ್ತಿದ್ದಳು. ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಕಚೇರಿಗೆ ಹೊಸದಾಗಿ ಬಂದವರಿಗೆಲ್ಲ ಉಪದೇಶಿಸುವ ಹೆಂಗಸು, ತಾನು ಕಣ್ಣಾರೆ ಕಾಣದ ಒಂದೇ ಒಂದು ಜಾಗದ ಮೇಲೆ ಇಡೀ ನದಿಯ ಭಾರ ಹೊರಿಸಿ ಕೂತಿದ್ದಳು.

ವರದಿ ಕಳಿಸುವ ವಾರ ಬಲೆಯವನು ಮಡುವಿನಲ್ಲಿ ತೇಲುತ್ತಿದ್ದ ಒಂದು ಸತ್ತ ಮೀನನ್ನು ಕಚೇರಿಗೆ ತಂದ. ತೋಳುದ್ದದ ಹೆಣ್ಣು ಮೀನು. ಹಿಂದಿನ ಕೋಣೆಯ ಸ್ಟೀಲ್ ಮೇಜಿನ ಮೇಲಿಟ್ಟು ಲೆಕ್ಕದಕ್ಕನೇ ಹೊಟ್ಟೆ ಸೀಳಿದಳು. ಒಳಗೆ ಹುಳವಿಲ್ಲ, ಪಾಚಿಯಿಲ್ಲ. ಬಿಳಿ ಮುದ್ದೆಯೊಂದಿತ್ತು.

"ಅಯ್ಯೋ, ಇದೇನಕ್ಕ! ನಿಮ್ಮ ಮೀನು ಬೇಕರಿಗೆ ಹೋಗಿ ಬಂದಿದ್ಯಲ್ಲ!" ಎಂದು ಬಲೆಯವನು ನಕ್ಕ.

ಅವಳು ನಗಲಿಲ್ಲ. ಚಿಮಟಿಯಿಂದ ಮುದ್ದೆಯನ್ನು ಬಿಡಿಸಿದಳು. ಅದರ ತುಂಬ ಎಳ್ಳು.

ಮನೆಯಲ್ಲಿ ಎಳ್ಳಿನ ಬ್ರೆಡ್ಡು ಮೇಜಿಗೆ ಬಂದು ಎಷ್ಟೋ ವರ್ಷವಾಗಿತ್ತು. ಬೇಯುವ ವಾಸನೆ ಮಾತ್ರ ಆಗಾಗ ಬರುತ್ತಿತ್ತು. ಅಮ್ಮ ಪಕ್ಕದ ಮನೆಯವರಿಗೆ ಕೊಡುತ್ತಾಳೇನೋ ಎಂದುಕೊಂಡು ಲೆಕ್ಕದಕ್ಕ ಸುಮ್ಮನಿದ್ದಳು, ತನಗೂ ಒಂದು ತುಂಡು ಬೇಕೆಂದು ಕೇಳುವ ಧೈರ್ಯ ಯಾವತ್ತೂ ಬಂದಿರಲಿಲ್ಲ. ಅದು ತಮ್ಮನ ಬ್ರೆಡ್ಡು.

ಮೀನಿನ ಮೂತಿಯನ್ನು ಈಗ ಸರಿಯಾಗಿ ನೋಡಿದಳು. ತುದಿ ಕಿತ್ತುಬಂದು ಹಸಿಗಾಯವಾಗಿತ್ತು. "ಎಲ್ಲಾ ಮೀನಿನ ಮೂತಿನೂ ಹೀಗೇ ಇದ್ಯಾ?"

"ಬಹಳಷ್ಟು ಹಿಂಗೇ. ಹಾರಿ ಹಾರಿ ಗೋಡೆಗೆ ಬಡ್ಕೋತಾವೆ. ನೀವು ಕೇಳಿದ್ದು ಎಷ್ಟಿವೆ ಅಂತ, ಮೂತಿ ಹೆಂಗಿದೆ ಅಂತ ಕೇಳಲಿಲ್ವಲ್ಲ."

ಲೆಕ್ಕದಕ್ಕನಿಗೆ ಆಗ ಹೊಳೆಯಿತು. ಅವು ಅಲ್ಲಿ ಹುಲುಸಾಗಿ ಇದ್ದದ್ದಲ್ಲ, ಮೇಲೆ ಹೋಗಲಾರದೆ ನಿಂತಿದ್ದವು. ಮೊಟ್ಟೆಯಿಡಲು ಮೇಲಿನ ಜಲ್ಲಿಗೆ ಹೊರಟವು ಗೋಡೆಗೆ ತಲೆ ಚಚ್ಚಿಕೊಂಡು ಬುಡದಲ್ಲೇ ಗುಂಪುಗಟ್ಟಿದ್ದವು, ಅಮ್ಮ ಹಾಕುವ ತುತ್ತಿನಿಂದ ಜೀವ ಹಿಡಿದಿದ್ದವು. ಅವಳು ಆ ಗುಂಪನ್ನು ಸಂತಾನವೆಂದು ಎಣಿಸಿದ್ದಳು. ಆಳದ ಕೆಸರಿನಲ್ಲಿ ಮೊಟ್ಟೆ ನಿಲ್ಲುವುದಿಲ್ಲ, ಮರಿ ಎಲ್ಲಿಂದ ಬರಬೇಕು? ಮಡುವಿನ ತುಂಬ ಇದ್ದದ್ದು ತಾಯಂದಿರು, ಒಬ್ಬಳಿಗೂ ಮಕ್ಕಳಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ, ಅಮ್ಮನ ಮಡು ಅಮ್ಮನಿಗೆ ಉಳಿಯುತ್ತಿತ್ತು. ಬಾಯಿ ಬಿಟ್ಟರೆ ಒಡ್ಡು ಹೋಗುತ್ತದೆ, ಒಡ್ಡಿನ ಜೊತೆ ಮಡು ಹೋಗುತ್ತದೆ, ತಳ ಬಯಲಾಗುತ್ತದೆ. ಅಲ್ಲಿ ಏನು ಕಾಣುತ್ತದೋ, ಏನು ಕಾಣುವುದಿಲ್ಲವೋ! ಎರಡರಲ್ಲಿ ಯಾವುದಾದರೂ ಅಮ್ಮ ತಡೆದುಕೊಳ್ಳುವಳೇ ಎಂಬುದು ಅವಳಿಗೆ ಸಂಶಯವಾಗಿತ್ತು. ಇನ್ನೂ ಸ್ವಲ್ಪ ಪರೀಕ್ಷಿಸಬೇಕು ಎಂದು ಮೇಲಧಿಕಾರಿಗೆ ಸಬೂಬು ಹೇಳಿ ವರದಿಯನ್ನು ತಡೆದಳು. ಕಡೆಗೊಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಅಮ್ಮ ಹಿಟ್ಟು ನಾದುತ್ತಿದ್ದಾಗ ಎದುರಿಗೆ ಹೋಗಿ ಕೂತಳು.

"ಅಮ್ಮಾ, ಮಡುವಿನ ಹತ್ರ ಬ್ರೆಡ್ ಹಾಕ್ತೀಯಾ?"

"ಬರಿಗೈಲಿ ಹೋಗೋಕಾಗುತ್ತಾ?"

"ಅವನಿಗೆ ಅಂತಾನಾ?"

"ನಂಗೇನು ತಲೆ ಕೆಟ್ಟಿದ್ಯಾ? ಮೀನಿಗೆ ಹಾಕ್ತೀನಿ." ಅಮ್ಮನ ಕೈ ಹಿಟ್ಟಿನಲ್ಲೇ ನಿಂತಿತು. ಯಾರಿಗೋ ಹೇಳುವವಳ ಹಾಗೆ ಹೇಳಿದಳು. "ಅವು ಹಸಿದಿದ್ರೆ ಅವನನ್ನ ಮುಟ್ತಾವೆ ಅಂತ ಭಯ ಆಗ್ತಿತ್ತು ಕಣೇ. ಹೊಟ್ಟೆ ತುಂಬಿದ್ರೆ ಅವನ ತಂಟೆಗೆ ಹೋಗಲ್ಲ ಅಂತ ಹಾಕೋಕೆ ಶುರು ಮಾಡಿದೆ. ಈಗ ಮುಟ್ಟೋಕೆ ಏನಿದೆ ಅಲ್ಲಿ? ಅದೂ ಗೊತ್ತು ನಂಗೆ. ಆದ್ರೂ ಬಿಡೋಕಾಗಲ್ಲ."

ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು, ಒಂದೇ ಮೇಜಿನಲ್ಲಿ ಉಂಡು, ಈ ಮಾತು ತನಗೆ ಗೊತ್ತಿರಲಿಲ್ಲವಲ್ಲ ಎಂದು ಲೆಕ್ಕದಕ್ಕನಿಗೆ ನಾಚಿಕೆಯಾಯಿತು. ಆದರೂ ಆಡಲು ಬಂದ ಮಾತನ್ನು ಹೇಳಲೇಬೇಕಿತ್ತು.

"ಒಂದು ತಿಂಗಳು ಹಾಕಬೇಡಮ್ಮ, ಏನಾಗುತ್ತೆ ನೋಡ್ಬೇಕು. ಅವು ಅಲ್ಲಿ ಸುಖವಾಗಿಲ್ಲ. ಮೇಲೆ ಹೋಗೋಕೆ ಬಂದವು, ಗೋಡೆ ಅಡ್ಡ ಇದೆ. ಮೂತಿ ಒಡ್ಕೊಂಡು ನಿಂತಿವೆ. ನೀನು ಹಾಕಿದ್ದು ತಿಂದು ಬದುಕಿವೆ, ನಾನು ಅದನ್ನ ನೋಡಿ ಚೆನ್ನಾಗಿವೆ ಅಂತ ಬರೆದೆ. ಒಂದಕ್ಕೂ ಮರಿ ಇಲ್ಲ. ಇವು ಮುದಿಯಾಗಿ ಸತ್ತ ದಿನ ಈ ನದೀಲಿ ಆ ಜಾತಿನೇ ಇರಲ್ಲ."

"ತಿಂಗಳಾದ ಮೇಲೆ?"

ಮಗಳು ಮುಂದೆ ಚೆಲ್ಲಿದ್ದ ಹಿಟ್ಟನ್ನು ಬೆರಳಿನಿಂದ ಒಟ್ಟುಮಾಡತೊಡಗಿದಳು.

"ಒಡ್ಡು ಒಡೀತೀರಿ. ಹೇಳು ಬಾಯಿಬಿಟ್ಟು."

"ಹೂಂ."

"ಮಡು ಬತ್ತುತ್ತೆ."

"ಹೂಂ, ಅಮ್ಮ."

"ಅವನು ಕಾಣ್ತಾನಾ?"

"ಗೊತ್ತಿಲ್ಲ."

"ಓಹೋ! ನಿಂಗೆ ಗೊತ್ತಿಲ್ಲದ್ದೂ ಒಂದಿದ್ಯಾ?" ಅಮ್ಮ ಎದ್ದುಬಿಟ್ಟಳು. "ಊರಿನ ಮೀನೆಲ್ಲ ಎಣಿಸ್ತೀಯ. ಒಂದಿನ, ಒಂದೇ ಒಂದು ದಿನ ನನ್ನ ಜೊತೆ ಅಲ್ಲಿಗೆ ಬಂದ್ಯಾ? ಅವನು ನಿಂಗೇನೂ ಆಗಬೇಕಿರಲಿಲ್ವಾ?" ಹಿಟ್ಟಿನ ಕೈಯಲ್ಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಹಿಟ್ಟು ಅಂದು ಹಾಗೇ ಉಳಿದು ಹುಳಿಯಾಯಿತು.

ಆದರೆ ಸಂಜೆ ಅಮ್ಮ ಮನೆಯಲ್ಲೇ ಇದ್ದಳು. ಮರುದಿನವೂ ಇದ್ದಳು. ಹೊತ್ತು ಇಳಿಯುವಾಗ ಎದ್ದು ಬಾಗಿಲತನಕ ಹೋಗುವಳು, ಚಪ್ಪಲಿ ನೋಡುವಳು, ತಿರುಗಿ ಬಂದು ಕೂರುವಳು. ಮಗಳ ಜೊತೆ ಮಾತಿಲ್ಲ. ಲೆಕ್ಕದಕ್ಕನಿಗೆ ಅದನ್ನು ನೋಡುವುದಕ್ಕಿಂತ ಬೈಸಿಕೊಳ್ಳುವುದೇ ವಾಸಿ ಅನ್ನಿಸುತ್ತಿತ್ತು.

ತಿಂಗಳು ತುಂಬುವ ಮೊದಲೇ ಮಡುವಿನಲ್ಲಿ ಮೀನು ವಿರಳವಾಯಿತು. ಕೆಲವು ಮೀನು ಕೆಳಕ್ಕೆ ಜಾರಿಹೋದವು, ಕೆಲವು ಬಡಕಲಾಗಿ ದಡಕ್ಕೆ ಬಿದ್ದವು. ಈ ಸಲ ಲೆಕ್ಕದಕ್ಕ ತಾನೇ ಸಣ್ಣ ಕಣ್ಣಿನ ಬಲೆ ಹಿಡಿದು ಬಲೆಯವನ ಜೊತೆ ಹೋದಳು. ಒಡ್ಡಿನ ಗೋಡೆ ಕಂಡಾಗ ದಾರಿಯಲ್ಲೇ ನಿಂತುಬಿಟ್ಟಳು, ಅವನು ಕಂಡೂ ಕಾಣದವನ ಹಾಗೆ ತಿರುಗಿ ನಿಂತ. ಬಲೆಯಲ್ಲಿ ಒಂದು ಮರಿಯೂ ಬರಲಿಲ್ಲ. ಮಾದರಿ ತಾನಾಗಿ ತುಂಬಿಕೊಂಡಿದ್ದ ಮರಿಗಳನ್ನೆಲ್ಲ ಅಳಿಸಿ ಮತ್ತೆ ಓಡಿಸಿದಳು. ಒಡ್ಡು ಇದ್ದರೆ, ಇವಳ ಕೂದಲು ಪೂರ್ತಿ ನರೆಯುವುದರೊಳಗೆ ಸುಳ್ಳು ನದಿ ಖಾಲಿ. ಒಡ್ಡು ಹೋದರೆ, ಮೀನಿನ ಸಂಖ್ಯೆ ಮೊದಲು ಇನ್ನಷ್ಟು ಕುಸಿದು ಆಮೇಲೆ ನಿಧಾನಕ್ಕೆ ಏಳುತ್ತಿತ್ತು.

"ಅಲ್ಲಾ ತಾಯಿ, ನಿಮ್ಮಮ್ಮ ಹಾಕಿದ ಎರಡು ತುತ್ತಿಗೆ ನನ್ನ ಮೂರು ವರ್ಷದ ವರದಿ ಹೋಯ್ತಾ?" ಎಂದು ಮೇಲಧಿಕಾರಿ ತಲೆ ಮೇಲೆ ಕೈ ಹೊತ್ತ.

"ನನ್ನ ತಪ್ಪಿಗೆ ಹೋಯ್ತು ಸಾರ್. ನಾನು ಹೋಗಿ ನೋಡಬೇಕಿತ್ತು, ನೋಡಲಿಲ್ಲ," ಎಂದಳು. ತಮ್ಮನ ವಿಷಯವನ್ನು ಆ ಕಚೇರಿಯಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಆ ಮನುಷ್ಯ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ. ಆಮೇಲೆ ‘ಮೀನಿನ ತವರು’ ಎಂಬ ತಲೆಬರಹವನ್ನು ತಾನೇ ಹೊಡೆದುಹಾಕಿದ.

ಒಡ್ಡು ಒಡೆಯುವ ದಿನ ಅಮ್ಮ ಯಾರೂ ಕರೆಯದೆಯೇ ಹೊರಟು ನಿಂತಳು. ಲೆಕ್ಕದಕ್ಕ ಜೊತೆಗೆ ನಡೆದಳು. ಯಂತ್ರ ಗೋಡೆಯ ನಡುವೆ ಒಂದು ಕಚ್ಚು ಕೊರೆಯಿತು, ಮಡುವಿನ ಕೆಳದಂಡೆಯನ್ನೂ ಕಡಿದು ನೀರಿಗೆ ದಾರಿ ಮಾಡಿತು. ಒಡ್ಡಿನ ಹಿಂದಿದ್ದ ನೀರು ಮೊದಲು ಕೆಂಪಗೆ ನುಗ್ಗಿತು, ಆಮೇಲೆ ಸಣ್ಣಗಾಯಿತು. ಮಧ್ಯಾಹ್ನದ ಹೊತ್ತಿಗೆ ಮಡು ಇಳಿಯತೊಡಗಿತು. ಕಪ್ಪು ಕೆಸರು ಕಂಡಿತು. ಗಿರಣಿಯ ಮುರಿದ ಚಕ್ರ ಕಂಡಿತು, ಒಡೆದ ಬಾಟಲಿಗಳು ಕಂಡವು, ಗುಂಡುಕಲ್ಲುಗಳು ಕಂಡವು. ಅಮ್ಮ ದಡದ ಅಂಚಿನಲ್ಲಿ ನಿಂತು ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಕಣ್ಣು ಕೀಳದೆ ನೋಡಿದಳು. ತಳ ಪೂರ್ತಿ ಬಯಲಾಯಿತು.

ಬೇರೇನೂ ಇರಲಿಲ್ಲ.

"ಇಲ್ಲ," ಎಂದಳು ಅಮ್ಮ. "ಇಲ್ಲಿ ಇಲ್ವೇ ಇಲ್ಲ ಅವನು." ಮಗಳ ಕಡೆ ತಿರುಗಿ, ಉತ್ತರ ಸಿಗುತ್ತದೇನೋ ಎಂಬಂತೆ ಕೇಳಿದಳು. "ಹಾಗಾದ್ರೆ ಇಷ್ಟು ವರ್ಷ ನಾನು ಯಾರ ಹತ್ರ ಮಾತಾಡ್ತಿದ್ದೆ?"

ಲೆಕ್ಕದಕ್ಕ ಅಮ್ಮನ ಕೈ ಹಿಡಿದಳು, ಅದು ತಣ್ಣಗಿತ್ತು. ಇಬ್ಬರೂ ಹಾಗೇ ಮನೆಗೆ ಬಂದರು. ಅಮ್ಮ ಮಲಗಿದವಳು ಎರಡು ದಿನ ಏಳಲಿಲ್ಲ. ನಾನೇ ಕೊಂದೆ ಇವಳನ್ನು, ಮೀನು ಉಳಿಸಲು ಹೋಗಿ ಹೆತ್ತವಳನ್ನು ಕಳೆದುಕೊಂಡೆ ಎಂದು ಮಗಳು ಬಾಗಿಲ ಬಳಿ ಕೂತು ಅತ್ತಳು.

ಅಮ್ಮ ಎದ್ದಳು, ಆದರೆ ಅರ್ಧ ಜೀವವಾಗಿ ಎದ್ದಳು. ಮಳೆ ಶುರುವಾಗಿ ನೀರು ತಂಪಾದ ಮೇಲೆ, ಒಂದು ರಜೆಯ ದಿನ ಲೆಕ್ಕದಕ್ಕ ಎಚ್ಚರಾದಾಗ ಮನೆ ತುಂಬ ಬ್ರೆಡ್ಡಿನ ವಾಸನೆ. ಅಮ್ಮ ಚಪ್ಪಲಿ ಮೆಟ್ಟಿ ನಿಂತಿದ್ದಳು. "ಬರ್ತೀಯಾ?" ಎಂದಳು. ಮಗಳು ಮುಖವನ್ನೂ ತೊಳೆಯದೆ ಹೊರಟಳು.

ಒಡ್ಡು ಇದ್ದ ಜಾಗದಲ್ಲಿ ಈಗ ನೀರು ಕಲ್ಲಿನ ಮೇಲೆ ತೆಳ್ಳಗೆ ಸದ್ದು ಮಾಡುತ್ತ ಹರಿಯುತ್ತಿತ್ತು. ಅಮ್ಮ ಚೀಲದಿಂದ ಬ್ರೆಡ್ಡು ತೆಗೆದು, ಒಂದು ಚೂರು ಮುರಿದು ಕೈಯಲ್ಲಿ ಹಿಡಿದು ಕಾದಳು. ಬಹಳ ಹೊತ್ತಾಯಿತು. ಆಮೇಲೆ ಕೆಳಗಿನಿಂದ ಒಂದು ಮೀನು ಬಂತು, ಬೆನ್ನು ನೀರಿನಿಂದ ಹೊರಗೆ ಕಾಣುವಷ್ಟು ದೊಡ್ಡದು. ಅಮ್ಮ ಚೂರನ್ನು ಅದರ ಮುಂದಕ್ಕೇ ಎಸೆದಳು. ಮೀನು ತಿರುಗಿಯೂ ನೋಡಲಿಲ್ಲ. ಬಾಲ ಬಡಿದು, ಕಲ್ಲುಗಳ ನಡುವೆ ಮೈ ತೂರಿಸಿ, ಗೋಡೆಯಿದ್ದ ಜಾಗವನ್ನು ದಾಟಿ ಮೇಲಕ್ಕೆ ಹೋಯಿತು. ಅದರ ಹಿಂದೆ ಇನ್ನೊಂದು ಹೋಯಿತು.

"ನಿಲ್ಲಲಿಲ್ಲ ನೋಡು," ಎಂದಳು ಅಮ್ಮ. "ಅವನೂ ಹಿಂಗೇ. ತಿಂದು ಹೋಗೋ ಅಂದ್ರೆ ಒಂದು ದಿನಾನೂ ನಿಲ್ತಿರಲಿಲ್ಲ."

ತೇಲಿಹೋದ ಚೂರನ್ನು ಕಣ್ಣಿಗೆ ಮರೆಯಾಗುವತನಕ ನೋಡಿದಳು. ಚೀಲಕ್ಕೆ ಕೈ ಹಾಕಿ ಉಳಿದ ಬ್ರೆಡ್ಡನ್ನು ತೆಗೆದಳು, ಇನ್ನೂ ಬೆಚ್ಚಗಿತ್ತು.

"ತಗೋ, ನೀನು ತಿನ್ನು. ಬೆಳಗಿಂದ ಏನೂ ತಿಂದಿಲ್ಲ ನೀನು."

ಲೆಕ್ಕದಕ್ಕ ಅಲ್ಲೇ ಕಲ್ಲಿನ ಮೇಲೆ ಕೂತು, ಅಳುತ್ತಲೇ, ಒಂದು ಎಳ್ಳೂ ಬಿಡದೆ ತಿಂದಳು.