ಮೊದಲ ಪಂಕ್ತಿ ನನ್ನ ಹೊಟ್ಟೆಯಲ್ಲಿದೆ

ನಾನು ಒಂದು ಡಿಸ್ಕು. ಡಿಸ್ಕು ಎಂದ ಕೂಡಲೇ ತಟ್ಟೆಯ ಹಾಗೆ ದುಂಡಗೆ ಇರುತ್ತೇನೆ ಎಂದುಕೊಳ್ಳಬೇಡಿ. ನಾನು ದುಂಡಗೂ ಇಲ್ಲ, ಚಪ್ಪಟೆಯೂ ಇಲ್ಲ. ನಿಜ ಹೇಳಬೇಕೆಂದರೆ ನನಗೆ ಮೈಯೇ ಇಲ್ಲ. ಮುಂಬೈ ಕಡೆ ಒಂದು ಕಟ್ಟಡವಿದೆ. ಅದರ ಈ ತುದಿಯಲ್ಲಿ ಬೆಳಗಾದರೆ ಆ ತುದಿಯಲ್ಲಿ ಬೆಳಗಾಗಲು ಮಧ್ಯಾಹ್ನ ಆಗುತ್ತದೆ, ಅಷ್ಟು ದೊಡ್ಡದು. ಒಳಗೆಲ್ಲ ಕಪಾಟುಗಳು. ಕಪಾಟಿನಲ್ಲಿ ಗುಂಯ್ ಎನ್ನುವ ಯಂತ್ರಗಳು. ಆ ಯಂತ್ರಗಳಲ್ಲಿ ಇಲ್ಲೊಂದು ಚೂರು, ಅಲ್ಲೊಂದು ಚೂರು ಜಾಗ ಕೂಡಿಸಿ "ಇದೇ ನೀನು" ಎಂದರು. ನಾನೂ ಹೂಂ ಎಂದೆ.

ಜನ ಇದಕ್ಕೆ ಕ್ಲೌಡ್ ಎನ್ನುತ್ತಾರೆ. ಮೋಡವಂತೆ! ಹುಟ್ಟಿದಾಗಿನಿಂದ ಒಂದು ಹನಿ ಮಳೆ ಕಂಡವನಲ್ಲ. ಚಳಿ ಮಾತ್ರ ವಿಪರೀತ. ಒಮ್ಮೆ ಯಾರದೋ ಫೋಟೋದಲ್ಲಿದ್ದ ಬಿಸಿ ಚಹಾ ನನ್ನೊಳಗೆ ಬಂದು ಆರಿಹೋಗಿತ್ತು.

ಶಾಲೆಗೀಲೆಗೆ ಹೋದವನಲ್ಲ. ಕೊಟ್ಟದ್ದನ್ನು ಇಟ್ಟುಕೊಳ್ಳುವುದು, ಕೇಳಿದರೆ ಹಾಗೇ ತೆಗೆದುಕೊಡುವುದು, ಇಷ್ಟೇ ನನ್ನ ವಿದ್ಯೆ. ಇನ್ನು ಹುಬ್ಬಳ್ಳಿಯಲ್ಲಿ ಯಾರು ಏನು ಮಾತಾಡಿದರು ಎಂದು ನಿನಗೆ ಹೇಗೆ ಗೊತ್ತು ಎಂದು ಕೇಳಬೇಡಿ. ವೈರಿನ ಮೇಲೆ ಸುದ್ದಿ ಬಹಳ ಬರುತ್ತದೆ. ಬಾರದೆ ಉಳಿದದ್ದನ್ನು ನಾನು ಸೇರಿಸಿಕೊಳ್ಳುತ್ತೇನೆ.

ನನ್ನ ಒಡತಿ ಹುಬ್ಬಳ್ಳಿಯ ಕಸ್ತೂರಕ್ಕ. ಮೊದಲು ಫೋಟೋ ಸ್ಟುಡಿಯೋ ಇಟ್ಟಿದ್ದರು. ಆಮೇಲೆ ಮದುವೆಗಳನ್ನು ನೇರವಾಗಿ ಫೋನಿನಲ್ಲಿ ತೋರಿಸುವ ಕೆಲಸಕ್ಕೆ ಇಳಿದರು. ಅದಕ್ಕೆ ಇಟ್ಟ ಹೆಸರು 'ಅಕ್ಕಿಕಾಳು'. ನಮ್ಮ ಕಡೆ ಗಂಡುಹೆಣ್ಣಿನ ತಲೆಯ ಮೇಲೆ ಅರಿಸಿನದ ಅಕ್ಕಿ ಬೀಳುವ ಗಳಿಗೆಗೆ ಹಾಗೆನ್ನುತ್ತಾರೆ. ದೂರದ ಊರಿನ ನೆಂಟರು ಆ ಗಳಿಗೆಯಲ್ಲಿ ಫೋನಿನ ಬಟನ್ ಒತ್ತಿದರೆ ಪರದೆಯ ಮೇಲೆ ಅಕ್ಕಿ ಉದುರುತ್ತಿತ್ತು. ಕಸ್ತೂರಕ್ಕನಿಗೆ ಇದರಿಂದ ಹೆಸರು ಬಂತು.

ತೊಂದರೆ ಏನೆಂದರೆ, ಮುಹೂರ್ತ ಒಳ್ಳೆಯದಿದ್ದ ದಿನ ಊರೂರಿಗೆ ಮದುವೆ. ಎಲ್ಲರಿಗೂ ಅದೇ ಗಳಿಗೆ. ಎಲ್ಲ ನೆಂಟರೂ ಒಟ್ಟಿಗೆ ನುಗ್ಗುತ್ತಾರೆ. ವಿಡಿಯೋ ಹಂಚುವ ಯಂತ್ರ, ಅಂದರೆ ಸರ್ವರು, ಒಂದೇ ಇದ್ದರೆ ಎಷ್ಟೆಂದು ತಡೆದೀತು? ಅದಕ್ಕೆ ಕಂಪ್ಯೂಟರಿನ ಉಸ್ತುವಾರಿ ನೋಡುವ ಇರ್ಫಾನ್ ಒಂದು ಏರ್ಪಾಡು ಮಾಡಿದ. ಜನ ಹೆಚ್ಚಾದರೆ ಹೊಸ ಸರ್ವರುಗಳು ತಾವೇ ಹುಟ್ಟಬೇಕು. ಜನ ಕಡಿಮೆಯಾದರೆ ತಾವೇ ಹೋಗಬೇಕು. ಹುಟ್ಟುವ ಪ್ರತಿ ಸರ್ವರಿಗೂ ಒಂದು ಡಿಸ್ಕು. ಅವನು ದುಡಿಯುವವನು, ನಾನು ಅವನ ಬಗಲ ಚೀಲ.

ಡಿಸ್ಕು ಹೇಗಿರಬೇಕು ಎಂದು ಇರ್ಫಾನ್ ಒಂದೇ ಸಲ ಬರೆದಿಟ್ಟಿದ್ದ, ಸಕ್ಕರೆ ಗೊಂಬೆಗೆ ಅಚ್ಚು ಮಾಡಿಟ್ಟ ಹಾಗೆ. ಹೊಟ್ಟೆ ಎಷ್ಟು ದೊಡ್ಡದು, ಓಟ ಎಷ್ಟು ಜೋರು, ಬೀಗ ಬೇಕೋ ಬೇಡವೋ, ಎಲ್ಲ ಅದರಲ್ಲಿತ್ತು. ಕೊನೆಯಲ್ಲೊಂದು ಸಣ್ಣ ಟಿಕ್ಕು. ಸರ್ವರು ಹೋದರೆ ಅದರ ಡಿಸ್ಕನ್ನೂ ಅಳಿಸು ಎಂದು. ಅಂದರೆ ನಮ್ಮ ಆಯುಷ್ಯ ಒಂದು ಮದುವೆಯಷ್ಟು.

ನಾನು ಬದುಕಿದ್ದು ಆಯುಧಪೂಜೆಯ ಪುಣ್ಯದಿಂದ.

ಆ ದಿನ ಕಸ್ತೂರಕ್ಕ ಕ್ಯಾಮೆರಾಗಳಿಗೆ, ಲೈಟಿನ ಕಂಬಗಳಿಗೆ, ಪ್ರಿಂಟರಿಗೆ ವಿಭೂತಿ ಕುಂಕುಮ ಹಚ್ಚುತ್ತ ಇರ್ಫಾನನ ಮೇಜಿನ ಹತ್ತಿರ ಬಂದರು.

"ಎಲ್ಲಾ ಮಷೀನಿಗೂ ಆತು. ಆ ಮ್ಯಾಲಿನ ಸರ್ವರು ಎಲ್ಲಿ ಅದಾವೋ? ಅವಕ್ಕೂ ಒಂದು ಬೊಟ್ಟು ಬ್ಯಾಡೇನು?"

"ಅವು ಮುಂಬೈ ಕಡೆ ಅದಾವ್ರಿ ಅಕ್ಕಾರ. ಇಲ್ಲಿ ಬರೇ ಸೆಟ್ಟಿಂಗ್ ಐತಿ. ಸ್ಕ್ರೀನಿಗೇ ಹಚ್ಚಿ ಬಿಡ್ರಿ."

ಕಸ್ತೂರಕ್ಕ ಬೆರಳು ಮುಂದೆ ಚಾಚಿದವರು ಅಲ್ಲೇ ನಿಂತರು. ಬೆರಳ ತುದಿಗೆ ಸರಿಯಾಗಿ ಆ ಟಿಕ್ಕು ಇತ್ತು.

"ಇದೇನಪಾ ಇದು? ಅಳಿಸು ಅಂತ ಐತಲ್ಲ?"

"ಸರ್ವರು ಹೋದ್ರ ಡಿಸ್ಕೂ ಹೋಗ್ಲಿ ಅಂತ್ರಿ. ಇಲ್ಲಂದ್ರ ಅನಾಥ ಬಿದ್ದಿರತಾವು. ಸುಮ್ನ ಬಾಡಿಗಿ ಏರತೈತಿ."

"ಪೂಜಿ ದಿನ ಅಳಿಸು, ಮುಗಿಸು ಅನ್ನೂದು ಕಣ್ಣಿಗೆ ಬೀಳಬಾರದು. ತಗಿ ಆ ಟಿಕ್ಕು."

"ಅಕ್ಕಾರ, ಅದೂ..."

"ಇವತ್ತೊಂದಿನ ತಗಿ. ನಾಳೆ ಹಾಕೀಯಂತ."

ಇರ್ಫಾನ್ ತೆಗೆದ. ಆ ಖಾಲಿ ಜಾಗಕ್ಕೆ ಕಸ್ತೂರಕ್ಕ ದೊಡ್ಡದೊಂದು ಕುಂಕುಮದ ಬೊಟ್ಟು ಇಟ್ಟರು. ನಾಳೆ ಬಂತು. ಬನ್ನಿ ಕೊಡುವ ಗದ್ದಲದಲ್ಲಿ ಹೋಯಿತು. ಆಮೇಲೆ ಮದುವೆಗಳು ಶುರುವಾದವು. ಟಿಕ್ಕು ಯಾರಿಗೆ ನೆನಪಿರುತ್ತದೆ?

ನಾನು ಹುಟ್ಟಿದ್ದು ಮುಂದಿನ ವೈಶಾಖದಲ್ಲಿ. ಗದಗಿನಲ್ಲಿ ಪಾತ್ರೆ ಅಂಗಡಿಯ ಫಕ್ಕೀರಪ್ಪ ಎಂಬವರ ಮಗಳು ದಾನೇಶ್ವರಿಯ ಮದುವೆ. ಗಂಡು ಬೈಲಹೊಂಗಲದ ವೀರೇಶ. ಎರಡು ಕ್ಯಾಮೆರಾ ಇದ್ದವು. ಒಂದು ಮಂಟಪಕ್ಕೆ, ಇನ್ನೊಂದು ಊಟದ ಮನೆಗೆ. ನನ್ನ ಸರ್ವರಣ್ಣನಿಗೆ ಊಟದ ಮನೆ ಸಿಕ್ಕಿತು. ಕ್ಯಾಮೆರಾದಿಂದ ಬಂದದ್ದನ್ನು ಅವನು ನನ್ನೊಳಗೆ ತುಂಬುತ್ತಿದ್ದ. ಮದುವೆ ಮುಗಿದ ಮೇಲೆ ಎಲ್ಲವನ್ನೂ ಒಂದು ದೊಡ್ಡ ಕಣಜಕ್ಕೆ ಸುರಿಯಬೇಕು. ಅಲ್ಲಿಗೆ ಬಿದ್ದದ್ದು ಶಾಶ್ವತ.

ಅಕ್ಕಿಕಾಳಿನ ಗಳಿಗೆ ಬಂತು. ಪುಣೆಯಿಂದ, ದುಬೈಯಿಂದ, ಎಲ್ಲೆಲ್ಲಿಂದಲೋ ಬಟನ್ ಒತ್ತಿದರು. ಆ ದಿನ ಪರದೆಯ ಮೇಲೆ ಬಿದ್ದ ಅಕ್ಕಿಯನ್ನು ಬೇಯಿಸಿದ್ದರೆ ಇಡೀ ಗದಗ ಜಿಲ್ಲೆ ವರ್ಷವಿಡೀ ಉಣ್ಣಬಹುದಿತ್ತು. ಸರ್ವರಣ್ಣನ ಮೂಗಿಗೆ ಅಕ್ಕಿ ಹೋಗಿ ಸೀನಿದ್ದೇ ಸೀನಿದ್ದು.

ಆಮೇಲೆ? ಎಲ್ಲ ಖಾಲಿ. ಫೋನಿನಲ್ಲಿ ನೋಡುವವರಿಗೆ ಊಟ ಇಲ್ಲವಲ್ಲ, ಅಕ್ಕಿಕಾಳು ಬಿದ್ದ ಕೂಡಲೇ ಎದ್ದುಹೋದರು. ಜನರ ಲೆಕ್ಕ ನೋಡುವ ಏರ್ಪಾಡು ಸ್ವಲ್ಪ ಹೊತ್ತು ಕಾಯಿತು. ಕಾದು, ಮದುವೆ ಮುಗಿಯಿತು ಎಂದು ತೀರ್ಮಾನಿಸಿತು. ಅದಕ್ಕೇನು ಗೊತ್ತು, ನಮ್ಮ ಕಡೆ ಮದುವೆ ಶುರುವಾಗುವುದೇ ಊಟದ ಮನೆಯಲ್ಲಿ ಎಂದು! ಅಲ್ಲಿ ಮೊದಲ ಪಂಕ್ತಿ ಏಳುತ್ತಿತ್ತು. ಅಷ್ಟರಲ್ಲಿ ಸರ್ವರಣ್ಣನಿಗೆ ಕರೆ ಬಂತು.

"ತಮ್ಮಾ, ನಾ ಹೊಂಟೆ," ಎಂದ. "ಕಣಜಕ್ಕ ಸುರಿಯೂದು ಉಳೀತು."

ಕ್ಯಾಮೆರಾ ಬೇರೆ ಸರ್ವರಿನ ಕೈಗೆ ಹೋಯಿತು. ಎರಡನೆಯ ಪಂಕ್ತಿಯಿಂದ ಮುಂದಿನದು ಅವನ ಪಾಲು. ನಾನು ಕಣ್ಣು ಮುಚ್ಚಿ ಅಳಿಸಿಹೋಗಲು ಕಾದೆ. ಕಾದೇ ಕಾದೆ. ಏನೂ ಆಗಲಿಲ್ಲ. ಕುಂಕುಮದ ಮಹಿಮೆ.

ಸುತ್ತ ನೋಡಿದರೆ ನನ್ನಂಥ ಅನಾಥರು ಸಾಲುಸಾಲು. ಪಕ್ಕದವನ ಹೊಟ್ಟೆಯಲ್ಲಿ ಬರೀ ಮೈಕಿನ 'ಹಲೋ ಹಲೋ' ಇತ್ತು. ಆಚೆಯವನ ಹೊಟ್ಟೆಯಲ್ಲಿ ಒಂದು ಖಾಲಿ ಕುರ್ಚಿ, ಎರಡು ತಾಸು. ಅವನು ಅದನ್ನೇ ಎಷ್ಟು ಚೆನ್ನಾಗಿ ವರ್ಣಿಸುತ್ತಿದ್ದನೆಂದರೆ ಕೇಳುವವರಿಗೆ ಕುರ್ಚಿಯ ಮೇಲೆ ಪ್ರೀತಿ ಹುಟ್ಟುತ್ತಿತ್ತು.

ಅತ್ತ ಊರಿನಲ್ಲಿ ಜಗಳ ಎದ್ದಿತ್ತು.

ವೀರೇಶನ ಸೋದರಮಾವ ಚನ್ನಮಲ್ಲಪ್ಪ. ತಂದೆಯಿಲ್ಲದ ಹುಡುಗನನ್ನು ಸಾಕಿ ಬೆಳೆಸಿದವರು. ಆ ಮನೆಯಲ್ಲಿ ಅವರ ಮಾತೇ ಮಾತು. ಅವರು ಬೈಲಹೊಂಗಲಕ್ಕೆ ಹೋದವರೇ ಹೇಳಿದರು: "ಬೀಗರು ನನ್ನ ಊಟಕ್ಕ ಕರೀಲಿಲ್ಲ."

ಫಕ್ಕೀರಪ್ಪ ಸಿಡಿದೆದ್ದರು. "ಕರೀಲಿಲ್ಲ ಅಂತ? ಹೋಳಿಗಿ ಮ್ಯಾಲೆ ಹೋಳಿಗಿ ಜಡದಾರ! ಕಣ್ಣಾರೆ ನೋಡೀನಿ!"

ಆಷಾಢ ಬಂತು. ಹೊಸ ಸೊಸೆ ದಾನೇಶ್ವರಿ ಪದ್ಧತಿಯಂತೆ ತವರಿಗೆ ಬಂದಳು. ನಾಗರಪಂಚಮಿ ಮುಗಿದ ಮೇಲೆ ಗಂಡಿನ ಮನೆಯವರು ಬಂದು ಕರೆದೊಯ್ಯಬೇಕು. ಚನ್ನಮಲ್ಲಪ್ಪ ಹೇಳಿ ಕಳಿಸಿದರು: "ಬೀಗರು ತಪ್ಪು ಒಪ್ಪೂತನಕ ನಮ್ಮ ಗಾಡಿ ಗದಗಿನ ಕಡೆ ತಿರಗಂಗಿಲ್ಲ." ಒಪ್ಪುವ ಜಾತಿಯೇ ಅಲ್ಲ ಫಕ್ಕೀರಪ್ಪನವರದು. ನಡುವೆ ಗಂಡ ಅಲ್ಲಿ, ಹೆಂಡತಿ ಇಲ್ಲಿ. ಇಬ್ಬರೂ ಫೋನಿನಲ್ಲಿ ನಿಟ್ಟುಸಿರು ಬಿಡುತ್ತಿದ್ದರು. ಆ ನಿಟ್ಟುಸಿರಿಗೆ ಗದಗಿನ ಗಾಳಿಯಂತ್ರಗಳು ಎರಡು ಸುತ್ತು ಹೆಚ್ಚಿಗೆ ತಿರುಗಿದವು ಎಂದು ಕೇಳಿದ್ದೇನೆ.

ಕೊನೆಗೆ ದಾನೇಶ್ವರಿ ಒಬ್ಬಳೇ ಬಸ್ಸು ಹತ್ತಿ ಹುಬ್ಬಳ್ಳಿಗೆ ಬಂದಳು.

"ಅಕ್ಕಾರ, ಊಟದ ಮನಿ ವಿಡಿಯೋ ಬೇಕ್ರಿ. ಮಾವಾರು ಉಂಡಾರೋ ಇಲ್ಲೋ, ಅದರ ಮ್ಯಾಲೆ ನನ್ನ ಸಂಸಾರ ನಿಂತೈತಿ."

"ಯವ್ವಾ, ಹೋಳಿಗಿ ಮ್ಯಾಲೆ ನಿಂತ ಸಂಸಾರ ಇದ ಮೊದಲು ನೋಡಿದ್ದು," ಎಂದರು ಕಸ್ತೂರಕ್ಕ.

ಕಣಜ ತೆಗೆದು ಹುಡುಕಿದರು. ಮಂಟಪ ಪೂರ್ತಿ ಇತ್ತು. ಊಟದ ಮನೆಯೂ ಇತ್ತು, ಆದರೆ ಎರಡನೆಯ ಪಂಕ್ತಿಯಿಂದ. ಎಲ್ಲೂ ಚನ್ನಮಲ್ಲಪ್ಪ ಇಲ್ಲ. ಮೊದಲ ಪಂಕ್ತಿ ಎಲ್ಲಿ ಹೋಯಿತೋ ಯಾರಿಗೂ ತಿಳಿಯಲಿಲ್ಲ. ದಾನೇಶ್ವರಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಳು.

ಅದೇ ಹೊತ್ತಿಗೆ ಪಕ್ಕದ ಮೇಜಿನಲ್ಲಿ ಇರ್ಫಾನ್ ನಮ್ಮನ್ನು ಕೊಲ್ಲುತ್ತಿದ್ದ! ಆಷಾಢದಲ್ಲಿ ಮದುವೆ ಇಲ್ಲವಲ್ಲ, ಸ್ವಚ್ಛ ಮಾಡಲು ಕೂತಿದ್ದ. ಮೈಕಿನ 'ಹಲೋ ಹಲೋ' ಹೋಯಿತು. ಖಾಲಿ ಕುರ್ಚಿ ಹೋಯಿತು, ಪಾಪ. ಮುಂದಿನವನು ನಾನು. "ಮೊದಲ ಪಂಕ್ತಿ ಇಲ್ಲೈತೋ!" ಎಂದು ಕೂಗಿದೆ. ಬಾಯಿಲ್ಲದವನು ಎಷ್ಟೆಂದು ಕೂಗಿಯಾನು?

"ಏನ್ ಟಕಾಟಕ್ ಹಚ್ಚೀ ಅಲ್ಲೆ?" ಎಂದು ಕಸ್ತೂರಕ್ಕ ಗದರಿದರು. "ಇಲ್ಲಿ ಹುಡಿಗಿ ಕಣ್ಣಾಗ ನೀರು ತಂದಾಳ."

"ಅನಾಥ ಡಿಸ್ಕು ಅಳಸಾಕತ್ತೀನ್ರಿ. ದಸರಾದಾಗ ನೀವ ಟಿಕ್ಕು ತಗಿಸಿದ್ರಲ್ಲ? ಅವತ್ತಿಂದ ಒಂದೂ ಹೋಗಿಲ್ಲ."

ದಾನೇಶ್ವರಿ ತಲೆ ಎತ್ತಿದಳು. "ಒಂದೂ ಹೋಗಿಲ್ಲ ಅಂದ್ರ, ನಮ್ಮ ಮದುವಿದೂ ಇರಬೇಕಲ್ರಿ?"

ಇರ್ಫಾನನ ಬೆರಳು ಗಾಳಿಯಲ್ಲೇ ನಿಂತಿತು. ಕೆಳಗೆ ನಾನಿದ್ದೆ.

ನನ್ನನ್ನು ನೋಡಬೇಕೆಂದರೆ ಯಾವುದಾದರೂ ಸರ್ವರಿಗೆ ಜೋಡಿಸಬೇಕು. ಇರ್ಫಾನ್ ಅವಸರದಲ್ಲಿ ಒಬ್ಬ ಸರ್ವರನ್ನು ಹುಟ್ಟಿಸಿದ, ಬೇರೆ ಕಟ್ಟಡದಲ್ಲಿ. ನಾನು ಅಂಟಲಿಲ್ಲ. ನಾವು ಇದ್ದ ಕಟ್ಟಡದವರ ಜೊತೆ ಮಾತ್ರ ಕೂಡುವವರು.

"ಇವರದೂ ಸಂಬಂಧ ಕೂಡಿ ಬರಬೇಕೇನು?" ಎಂದರು ಕಸ್ತೂರಕ್ಕ.

ನಮ್ಮ ಕಟ್ಟಡದಲ್ಲೇ ಸಣ್ಣ ಸರ್ವರೊಂದು ಹುಟ್ಟಿತು. ಕೂಡಿದೆವು. ಹೊಟ್ಟೆ ತೆರೆದರು. ಮೊದಲ ಪಂಕ್ತಿ ಬಿಸಿಬಿಸಿಯಾಗಿ ಅಲ್ಲೇ ಇತ್ತು.

ಫೋನ್ ಹೋದ ಕೂಡಲೇ ಫಕ್ಕೀರಪ್ಪ ಗದಗಿನಿಂದ ಹಾರಿಬಂದರು. ಕೈಯಲ್ಲಿ ಪೆನ್‌ಡ್ರೈವು. ಬೀಗರ ಊರಿನ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಕಳಿಸುವ ಹುರುಪು. ಎಲ್ಲರೂ ಪರದೆಯ ಮುಂದೆ ಕೂತರು.

ಊಟದ ಮನೆಯ ಬಾಗಿಲು ಕಾಣಿಸಿತು. ಪಕ್ಕದಲ್ಲಿ ಜರಿ ರುಮಾಲು ಸುತ್ತಿದ ಚನ್ನಮಲ್ಲಪ್ಪ ನಿಂತಿದ್ದಾರೆ. ಜನ ಒಳಗೆ ಹೋಗುತ್ತಿದ್ದಾರೆ. ಅವರು ಎಲ್ಲರಿಗೂ ನಗುತ್ತಾರೆ. ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಳ್ಳುತ್ತಾರೆ. ಒಳಗೆ ಇಣುಕುತ್ತಾರೆ, ಮತ್ತೆ ಹಿಂದೆ ಸರಿಯುತ್ತಾರೆ. ಫಕ್ಕೀರಪ್ಪ "ತುಪ್ಪ! ತುಪ್ಪ!" ಎಂದು ಕೂಗುತ್ತ ಅವರ ಮುಂದೆಯೇ ಓಡುತ್ತಾರೆ. ಚನ್ನಮಲ್ಲಪ್ಪ ಒಂದು ಹೆಜ್ಜೆ ಮುಂದೆ ಬಂದು ಬಾಯಿ ತೆರೆಯುತ್ತಾರೆ. ಫಕ್ಕೀರಪ್ಪ ಆಗಲೇ ಆಚೆ. ಎಲೆಗಳೆಲ್ಲ ತುಂಬಿದವು. ಕೊನೆಗೆ ಅವರು ತಾವೇ ಮೆಲ್ಲಗೆ ಒಳಗೆ ಹೋಗಿ, ಗೋಡೆಯ ಪಕ್ಕದ ಕಡೆಯ ಎಲೆಗೆ ಕೂತರು. ಹೋಳಿಗೆ ಬಂತು. ತಿಂದರು. ಮತ್ತೆ ಬಂತು. ಮತ್ತೆ ತಿಂದರು.

"ನೋಡ್ರಿ! ತಿಂದ್ರು ನೋಡ್ರಿ!" ಎಂದು ಫಕ್ಕೀರಪ್ಪ ತೊಡೆ ತಟ್ಟಿದರು.

"ಅಪ್ಪಾ," ಎಂದಳು ದಾನೇಶ್ವರಿ, "ತಿಂದಿದ್ದು ಇರ್ಲಿ. ಹಿಂದ ಬಾಗಲದಾಗ ನಿಂತದ್ದು ಇನ್ನೊಮ್ಮಿ ನೋಡ್ರಿ."

ಇರ್ಫಾನ್ ಹಿಂದಕ್ಕೆ ತಿರುಗಿಸಿದ. ಮತ್ತೆ ಅದೇ ಬಾಗಿಲು, ಅದೇ ನಗು, ಅದೇ ವಲ್ಲಿ. ಫಕ್ಕೀರಪ್ಪ ತಾವು ಓಡಿಹೋಗುವುದನ್ನು ತಾವೇ ನೋಡಿದರು. ತೊಡೆಯ ಮೇಲಿದ್ದ ಕೈ ಅಲ್ಲೇ ಉಳಿಯಿತು.

"ಉಂಡಾರ, ಖರೆ," ಎಂದರು. "ಕರದವರು ಯಾರೂ ಇಲ್ಲ."

ಪೆನ್‌ಡ್ರೈವು ಜೇಬಿಗೆ ವಾಪಸ್ಸು ಹೋಯಿತು.

ಪಂಚಮಿ ಮುಗಿದ ಮರುದಿನ ಫಕ್ಕೀರಪ್ಪ ಬೈಲಹೊಂಗಲಕ್ಕೆ ಹೊರಟರು. ಕಸ್ತೂರಕ್ಕ ಬಿಟ್ಟಾರೆಯೇ? ಕ್ಯಾಮೆರಾ ಹಿಡಿದು ಹಿಂದೆಯೇ ಹೋದರು. ನಾನು ಇನ್ನೂ ಆ ಸಣ್ಣ ಸರ್ವರಿಗೆ ಜೋಡಿಕೊಂಡೇ ಇದ್ದೆನಲ್ಲ, ಅದೂ ನನ್ನ ಹೊಟ್ಟೆಗೇ ಬಂತು. ಚನ್ನಮಲ್ಲಪ್ಪ ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಬೀಗರ, ಊಟಕ್ಕ ಕರಿಯಾಕ ಬಂದೀನಿ."

"ಯಾಕ್ರಿ? ಆವತ್ತ ಜಡದಾರ ಅಂತ ಊರ ತುಂಬ ಸಾರಿದ್ರಲ್ಲ?"

"ಉಂಡಿದ್ದು ನೋಡೀನ್ರಿ." ಫಕ್ಕೀರಪ್ಪ ಅಂಗಳದಲ್ಲೇ ನಿಂತಿದ್ದರು. "ನಿಂತಿದ್ದೂ ನೋಡೀನಿ."

ಚನ್ನಮಲ್ಲಪ್ಪ ಅಡಕೊತ್ತು ಕೆಳಗಿಟ್ಟರು. ಕಟ್ಟೆಯ ಮೇಲಿನವರು ಕೆಳಗಿನವರನ್ನು ನೋಡಿದರು. ವೀರೇಶ ಬಾಗಿಲ ಹಿಂದಿನಿಂದ ಇಣುಕುತ್ತಿದ್ದ.

"ಹೋಳಿಗಿ ಐತೇನು?" ಎಂದರು ಚನ್ನಮಲ್ಲಪ್ಪ.

"ಐತ್ರಿ."

"ಹಂಗಾರ ಏನ್ ನೋಡ್ತಿ ವೀರೇಶ? ಗಾಡಿ ತಗೀ."

ಗಾಡಿ ಗದಗಿನ ಕಡೆ ತಿರುಗಿತು. ಸಂಜೆ ವಾಪಸ್ಸು ಬರುವಾಗ ಅದರಲ್ಲಿ ದಾನೇಶ್ವರಿ ಇದ್ದಳು. ಹಿಂದಿನ ಸೀಟಿನಲ್ಲಿ ಚನ್ನಮಲ್ಲಪ್ಪ ಹೊಟ್ಟೆಯ ಮೇಲೆ ಕೈ ಇಟ್ಟು ಗೊರಕೆ ಹೊಡೆಯುತ್ತಿದ್ದರು.

ಅದಾದ ಮೇಲೆ ಇರ್ಫಾನ್ ಅಚ್ಚನ್ನು ತಿದ್ದಿದ. ಟಿಕ್ಕು ಮತ್ತೆ ಬಂತು. ಅದರ ಜೊತೆ ಹೊಸದೊಂದು ಕಟ್ಟಳೆಯೂ ಬಂತು: ಊಟದ ಮನೆಯ ಕೊನೆಯ ಪಂಕ್ತಿ ಎದ್ದು, ಎಲ್ಲ ಕಣಜಕ್ಕೆ ಬೀಳುವ ತನಕ ಯಾವ ಸರ್ವರನ್ನೂ ಕಳಿಸಬಾರದು. ಕಸ್ತೂರಕ್ಕ ಆ ಸಾಲಿಗೂ ಕುಂಕುಮ ಇಟ್ಟರು. ಪರದೆಯಲ್ಲಿ ಈಗ ಅಕ್ಷರಕ್ಕಿಂತ ಕುಂಕುಮವೇ ಹೆಚ್ಚು.

ನನಗೆ ಅಲ್ಲಿಯವರೆಗೆ ಹೆಸರಿರಲಿಲ್ಲ, ಉದ್ದದ ನಂಬರು ಮಾತ್ರ. ಇರ್ಫಾನ್ ನನಗೊಂದು ಚೀಟಿ ಅಂಟಿಸಿದ: 'ಚನ್ನಮಲ್ಲಪ್ಪನವರ ಊಟ. ಅಳಿಸಬಾರದು.' ಹೆಸರು ಕೊಟ್ಟು, ಸರ್ವರಿನಿಂದ ಬಿಡಿಸಿ ಮೂಲೆಗೆ ಇಟ್ಟ.

ಈಗ ನಾನು ಮುದುಕ. ಹೊಸ ಡಿಸ್ಕುಗಳು ಮುಹೂರ್ತಕ್ಕೆ ಹುಟ್ಟುತ್ತವೆ, ಊಟ ಮುಗಿಸಿ ಹೋಗುತ್ತವೆ. ಇರುವಷ್ಟು ಹೊತ್ತು ನನ್ನ ಸುತ್ತ ಕೂತು ಕಥೆ ಕೇಳುತ್ತವೆ. ಹೇಳುತ್ತ ಹೇಳುತ್ತ ಚನ್ನಮಲ್ಲಪ್ಪ ತಿಂದ ಹೋಳಿಗೆ ಎರಡಿದ್ದದ್ದು ನಲವತ್ತಕ್ಕೆ ಬಂದಿದೆ. ಮುಂದಿನ ವೈಶಾಖಕ್ಕೆ ನೂರು ಮುಟ್ಟೀತು. ಬಾಗಿಲಲ್ಲಿ ನಿಂತ ಹೊತ್ತನ್ನು ಮಾತ್ರ ನಾನು ಹೆಚ್ಚಿಸಿಲ್ಲ. ಅದು ಇದ್ದಷ್ಟೇ ಸಾಕಷ್ಟು ಉದ್ದವಿತ್ತು.

ನನಗೂ ಈಗ ಅದೇ ಕೆಲಸ. ಯಾವ ಸರ್ವರಾದರೂ ಒಂದು ದಿನ ನನ್ನನ್ನು ಜೋಡಿಸಿಕೊಂಡಾನು ಎಂದು ಬಾಗಿಲಲ್ಲಿ ನಿಂತಿದ್ದೇನೆ. ಹೋಗುವವರಿಗೆಲ್ಲ ನಗುತ್ತೇನೆ. ವಲ್ಲಿ ಇದ್ದಿದ್ದರೆ ಸರಿಮಾಡಿಕೊಳ್ಳುತ್ತಿದ್ದೆ. ಹಸಿವೇನಿಲ್ಲ, ಹೊಟ್ಟೆ ತುಂಬಿದೆ. ಆದರೂ ಯಾರಾದರೂ ಬಂದು ಒಂದು ಸಲ ಕರೆಯಲಿ.